ಮೂರು ಕಮಾನು, ಒಂದು ರೋಲರ್

ನನ್ನ ಅತ್ತಿಗೆಯನ್ನು ಮೊದಲ ಎರಡು ವರ್ಷ ನಾನು ದಡ್ಡಿ ಎಂದೇ ತಿಳಿದಿದ್ದೆ. ಬರೆಯಲು ನಾಚಿಕೆಯಾಗುತ್ತದೆ. ಆದರೆ ಇದನ್ನು ಬಚ್ಚಿಟ್ಟುಕೊಂಡು ಮುಂದಿನದನ್ನು ಹೇಳುವ ಯೋಗ್ಯತೆ ನನಗಿಲ್ಲ. ನಾನಾಗ ತೀರ್ಥಹಳ್ಳಿಯ ಚಿಕ್ಕಮ್ಮನ ಮನೆಯಲ್ಲಿದ್ದು ಪಿಯುಸಿ ಸೈನ್ಸ್ ಮುಗಿಸಿ ಸಾಗರಕ್ಕೆ ವಾಪಸು ಬಂದವಳು. ಬೆಳಿಗ್ಗೆ ಟೈಪಿಂಗ್ ಕ್ಲಾಸು, ಉಳಿದ ಹೊತ್ತೆಲ್ಲ ಜಂಬ. ಅತ್ತಿಗೆ ಹೊಸನಗರದ ಕಡೆಯ ಹಳ್ಳಿಯವಳು, ನಾಲ್ಕನೇ ಕ್ಲಾಸಿಗೆ ಪಾಟಿಚೀಲ ಬಿಟ್ಟವಳು. ಮನೆಗೆ ಬಂದ ಹೊಸದರಲ್ಲಿ ಸ್ವಿಚ್ಚು ಹಾಕುವ ಮೊದಲು ಕೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಳ್ಳುತ್ತಿದ್ದಳು. ದೀಪದ ಅಂಗಡಿ ಇಟ್ಟವನಿಗೆ ಇಂಥ ಹೆಂಡತಿಯಾ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಕೆಲವೊಮ್ಮೆ ಹೊರಗೂ ನಕ್ಕಿದ್ದೇನೆ.

ಅಣ್ಣನ ಅಂಗಡಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು. ಮದುವೆಗೆ ಮೈಕು, ಹಬ್ಬಕ್ಕೆ ಸೀರಿಯಲ್ ಸೆಟ್ಟು. ಮೈಕಿನ ಕೆಲಸವನ್ನು ಅವನು ಹೊಟ್ಟೆಪಾಡಿಗೆ ಮಾಡುತ್ತಿದ್ದ. ದೀಪದ ಕೆಲಸಕ್ಕೆ ಮಾತ್ರ ಊಟ ಬಿಟ್ಟು ಕೂರುತ್ತಿದ್ದ. ದೀಪ ಓಡಿಸುವ ಯಂತ್ರವನ್ನು ಆಗ ರೋಲರ್ ಎನ್ನುತ್ತಿದ್ದರು. ಬಡಗಿಯ ಹತ್ತಿರ ಕಡೆಸಿದ, ಲಟ್ಟಣಿಗೆಯ ಹಾಗೆ ಉರುಟಾದ, ಅದಕ್ಕಿಂತ ನಾಲ್ಕು ಪಟ್ಟು ದಪ್ಪದ ಮರದ ತುಂಡು. ಅದರ ಮೈಮೇಲೆ ಅಲ್ಲಲ್ಲಿ ಹಿತ್ತಾಳೆ ತಗಡಿನ ಪಟ್ಟಿ ಹೊಡೆದಿರುತ್ತಿತ್ತು. ಹಳೆ ಫ್ಯಾನಿನ ಮೋಟಾರು ಬೆಲ್ಟು ಹಾಕಿ ಅದನ್ನು ನಿಧಾನ ತಿರುಗಿಸುತ್ತಿತ್ತು. ಮೇಲೆ ಸಾಲಾಗಿ ಹಿತ್ತಾಳೆಯ ನಾಲಿಗೆಗಳು. ಯಾವ ನಾಲಿಗೆಯ ಕೆಳಗೆ ತಗಡು ಬರುತ್ತದೋ ಆ ಸಾಲಿನ ದೀಪ ಹೊತ್ತಿಕೊಳ್ಳುತ್ತದೆ, ತಗಡು ದಾಟಿದರೆ ಆರುತ್ತದೆ. ಇಷ್ಟೇ ವಿದ್ಯೆ. ಇಷ್ಟರಲ್ಲೇ ಅಣ್ಣ ನವಿಲು ಕುಣಿಸುತ್ತಿದ್ದ, ಚಕ್ರ ತಿರುಗಿಸುತ್ತಿದ್ದ, ಕಾರಂಜಿ ಚಿಮ್ಮಿಸುತ್ತಿದ್ದ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ಊರಿಗೆ ಟೀವಿ ಇನ್ನೂ ಬಂದಿರಲಿಲ್ಲ. ಬಣ್ಣದ ಬಲ್ಬು ಓಡಿದರೆ ಜನ ಬಾಯಿ ಬಿಟ್ಟುಕೊಂಡು ನೋಡುವ ಕಾಲ.

ನಮ್ಮ ಬೀದಿಯ ಗಣಪತಿ ಸಮಿತಿಯವರು ಒಂದು ವರ್ಷ ಮೂರು ಕಮಾನು ಬೇಕೆಂದರು. ಬೀದಿಯ ಬಾಯಲ್ಲಿ ಒಂದು, ನಡುವೆ ಒಂದು, ಪೆಂಡಾಲಿನ ಮುಂದೆ ಒಂದು. ಬೆಳಕು ಮೊದಲನೆಯದರಲ್ಲಿ ಹುಟ್ಟಬೇಕು, ಬೀದಿಗುಂಟ ನಡೆದುಕೊಂಡು ಹೋಗಿ ಗಣಪತಿಯ ಕಾಲ ಬಳಿ ಮುಗಿಯಬೇಕು. ಅಣ್ಣ ಮೂರು ರೋಲರ್ ಮಾಡಿ ಮೂರಕ್ಕೂ ಒಂದೊಂದು ಮೋಟಾರು ಹಾಕಿದ. ಮೂರನ್ನೂ ಒಟ್ಟಿಗೆ ಶುರುಮಾಡಿದ. ಕಾಲು ಗಂಟೆ ಚೆನ್ನಾಗಿತ್ತು. ಆಮೇಲೆ ಕರೆಂಟು ಏರಿಳಿದ ಹಾಗೆಲ್ಲ ಒಂದು ಮೋಟಾರು ಮುಂದೆ, ಇನ್ನೊಂದು ಹಿಂದೆ. ಅರ್ಧ ಗಂಟೆ ಕಳೆಯುವುದರೊಳಗೆ ಬೆಳಕು ಪೆಂಡಾಲಿನ ಹತ್ತಿರ ಹುಟ್ಟಿ ಬೀದಿಯ ಬಾಯಿಗೆ ಓಡತೊಡಗಿತು. ಜನರಲ್ಲಿ ಯಾರೋ, "ಗಣಪತಿ ಕೂತು ಇನ್ನೂ ಮೂರು ತಾಸಾಗ್ಲಿಲ್ಲ, ಆಗ್ಲೇ ಕೆರೆಗೆ ಹೊರಡ್ಸಿದ್ರಲ ಮಾರಾಯ್ರೆ!" ಎಂದು ಕೂಗಿದರು. ಇಡೀ ಬೀದಿ ನಕ್ಕಿತು. ಅಣ್ಣ ಮೇನ್ ಸ್ವಿಚ್ಚು ತೆಗೆದು ಪೆಂಡಾಲಿನ ಹಿಂದೆ ಹೋಗಿ ಕೂತುಬಿಟ್ಟ.

ಆಮೇಲೆ ವರ್ಷವಿಡೀ ಅವನಿಗೆ ಆ ನಗು ಕೇಳುತ್ತಿತ್ತು. ಸೋಡಾ ಅಂಗಡಿಯಲ್ಲಿ ಇಬ್ಬರು ನಕ್ಕರೂ ತನಗೇ ಎನ್ನುತ್ತಿದ್ದ. ಸಮಿತಿಯ ಕಾರ್ಯದರ್ಶಿ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಸೀಟಿ ಊದಿದರೆ ಊರ ಹುಡುಗರೆಲ್ಲ ಸಾಲಾಗಿ ನಿಲ್ಲಬೇಕು ಎನ್ನುವ ಮನುಷ್ಯ. ಅವರು ಮರುವರ್ಷದ ಹಬ್ಬಕ್ಕೆ ಎರಡು ತಿಂಗಳಿರುವಾಗ ಅಂಗಡಿಗೇ ಬಂದು, ನಿಂತುಕೊಂಡೇ ಹೇಳಿದರು: "ನೋಡಪ್ಪ, ಮೂರು ಕಮಾನು ಈ ಸಲವೂ ಬೇಕು. ಊರಿನವನು ಅಂತ ನಿನಗೊಂದು ಅವಕಾಶ. ಮತ್ತೆ ಹಂಗೇ ಆದ್ರೆ ಬರೋ ವರ್ಷ ಶಿವಮೊಗ್ಗದವರನ್ನ ಕರೆಸ್ತೀವಿ. ಬೇಜಾರು ಮಾಡ್ಕಬಾರ್ದು."

ಅಣ್ಣ ಬೇಜಾರು ಮಾಡಿಕೊಳ್ಳಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದ. ರಾತ್ರಿ ಊಟಕ್ಕೆ ಕೂತಾಗ, ಈ ಸಲ ಯಂತ್ರ ಕೈಕೊಟ್ಟರೆ ಅಂಗಡಿ ಬಾಗಿಲು ಹಾಕುತ್ತೇನೆ, ಪರಿಚಯದವರೊಬ್ಬರು ಆಫೀಸಿನಲ್ಲಿ ಜವಾನನ ಕೆಲಸ ಕೊಡಿಸುತ್ತೇನೆ ಎಂದಿದ್ದಾರೆ, ಅಲ್ಲಿಗೆ ಹೋಗುತ್ತೇನೆ ಎಂದ. ಸಿಟ್ಟಿನಲ್ಲಿ ಹೇಳಿದ್ದರೆ ನಾವು ಹೆದರುತ್ತಿರಲಿಲ್ಲ. ಸಮಾಧಾನದಿಂದ ಹೇಳಿದ. ಅವನು ಫೈಲು ಹೊತ್ತುಕೊಂಡು ಮೇಜಿನಿಂದ ಮೇಜಿಗೆ ಓಡಾಡುವುದನ್ನು ನೆನೆಸಿಕೊಳ್ಳಲಿಕ್ಕೇ ನನ್ನಿಂದ ಆಗಲಿಲ್ಲ.

ಆ ದಿನಗಳಲ್ಲಿ ನಾನು ಸುಮ್ಮನಿದ್ದೆನೆಂದಲ್ಲ. ಫಿಸಿಕ್ಸ್ ಪುಸ್ತಕ ತೆಗೆದು ಅಣ್ಣನಿಗೆ ಪಾಠ ಮಾಡುತ್ತಿದ್ದೆ. ಮೂರು ಮೋಟಾರನ್ನೂ ಒಂದೇ ಕಂಪನಿಯದು ತಗೋ, ಬೆಲ್ಟು ಬಿಗಿ ಮಾಡು, ಕರೆಂಟಿಗೆ ಸ್ಟೆಬಿಲೈಸರ್ ಹಾಕು. ಅಣ್ಣ ಎಲ್ಲ ಮಾಡಿದ. ಹಿತ್ತಲಲ್ಲಿ ಸಾಲಾಗಿಟ್ಟ ಮೂರು ರೋಲರುಗಳು ಅರ್ಧ ಗಂಟೆಯ ಬದಲು ಮುಕ್ಕಾಲು ಗಂಟೆಗೆ ತಾಳ ತಪ್ಪಿದವು. ಅಷ್ಟೇ ಲಾಭ.

ಒಂದು ಸಂಜೆ ಅತ್ತಿಗೆ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಅಣ್ಣ ತಟ್ಟೆಯ ಮುಂದೆ ಕೂತು ತನಗೆ ತಾನೇ ಹೇಳಿಕೊಳ್ಳುವವನಂತೆ, "ಮೂರಕ್ಕೂ ಲೆಕ್ಕ ಕಲ್ಸಿದೀನಿ. ಮೂರೂ ಬೇರೆ ಬೇರೆ ಎಣಿಸ್ತಾವೆ. ಎಂತ ಮಾಡೋದು?" ಎಂದ.

ಅತ್ತಿಗೆ ರೊಟ್ಟಿಯ ಮೇಲಿಂದ ಕಣ್ಣು ತೆಗೆಯದೆ, "ಮೂರಕ್ಕೂ ಎಂತಕ್ಕೆ ಕಲ್ಸಬೇಕು?" ಎಂದಳು.

ನಾನು ಕಿಸಕ್ಕನೆ ನಕ್ಕೆ. ಅವಳು ನನ್ನ ಕಡೆ ನೋಡಲಿಲ್ಲ. "ನಮ್ಮಲ್ಲಿ ಮದುವೆಗೆ ಸೋಬಾನೆ ಹೇಳ್ತಾರಲ. ಹಾಡು ಬರೋದು ಒಬ್ರಿಗೆ. ಅವರು ಒಂದು ಸೊಲ್ಲು ಹೇಳಿದ್ರೆ ಉಳಿದೋರು ಅದನ್ನೇ ಹಿಡ್ಕಂಡು ಹೇಳ್ತಾರೆ. ಮುಂದಿಂದು ಎಂತ ಅಂತ ಅವರಿಗೆ ಗೊತ್ತಿರೋದೇ ಬೇಡ. ಎಲ್ಲರೂ ತಮ್ ತಮ್ಮಷ್ಟಕ್ಕೆ ಹೇಳಕ್ಕೆ ಹೊರಟ್ರೆ ಮದುವೆಮನೆ ಸಂತೆ ಆಗ್ತದೆ."

ಅಣ್ಣ ಬಾಯಿಗೆ ಇಡಬೇಕಾಗಿದ್ದ ತುತ್ತನ್ನು ತಟ್ಟೆಗೆ ಹಾಕಿ ಎದ್ದ. ಕೈ ತೊಳೆಯದೆ ಅಂಗಡಿಗೆ ಓಡಿದ. ನಾನು ನಗುವನ್ನು ಎಲ್ಲಿಡಬೇಕೆಂದು ತಿಳಿಯದೆ ಕೂತೆ.

ಅವನು ಮಾಡಿದ್ದು ಹೀಗೆ. ಮೋಟಾರು ಮೊದಲನೆಯ ಕಮಾನಿಗೆ ಮಾತ್ರ. ಆ ರೋಲರಿನಲ್ಲಿ ಒಂದು ಹೆಚ್ಚಿನ ತಗಡಿನ ಸಾಲು, ದೀಪಕ್ಕಲ್ಲ, ಸುದ್ದಿ ಕಳಿಸಲಿಕ್ಕೆ. ಉಳಿದೆರಡರ ಮೋಟಾರು ಕಿತ್ತು, ರೋಲರಿನ ತುದಿಗೆ ಸೈಕಲ್ಲಿನ ಫ್ರೀವೀಲ್ ಕೂರಿಸಿದ. ಅದು ಒಂದೇ ಕಡೆಗೆ ಹಲ್ಲು ಸರಿಯುವಂಥದ್ದು. ಪಕ್ಕದಲ್ಲಿ ತಾನೇ ಸುತ್ತಿದ ತಂತಿಯ ಸುರುಳಿ. ಮೊದಲನೆಯ ಕಮಾನಿನಿಂದ ತಂತಿಯಲ್ಲಿ ಕರೆಂಟಿನ ಒಂದು ತಟ್ಟು ಬಂದರೆ ಸುರುಳಿ ಒಂದು ಕಬ್ಬಿಣದ ಬೆರಳನ್ನು ಎಳೆಯುತ್ತದೆ, ಬೆರಳು ಚಕ್ರವನ್ನು ಒಂದು ಹಲ್ಲು ಮುಂದೆ ನೂಕುತ್ತದೆ. ಟಕ್. ಇನ್ನೊಂದು ತಟ್ಟು, ಇನ್ನೊಂದು ಹಲ್ಲು. ಹೇಳಿದ್ದನ್ನು ಕೇಳಿ ಹೇಳುವುದು, ಅಷ್ಟೇ. ಹಿತ್ತಲಲ್ಲಿ ಮೂರೂ ಒಂದೇ ಉಸಿರಿನಲ್ಲಿ ನಡೆದವು. ಎರಡು ತಾಸು ಬಿಟ್ಟು ಬಂದು ನೋಡಿದರೂ ಒಂದು ಹಲ್ಲು ಆಚೀಚೆ ಆಗಿರಲಿಲ್ಲ.

ಬೀದಿಗೆ ಒಯ್ದು ಜೋಡಿಸಿದಾಗ ಮೂರನೆಯದು ಮಿಸುಕಾಡಲಿಲ್ಲ. ಅಷ್ಟು ದೂರದ ಸಪೂರ ತಂತಿಯಲ್ಲಿ ತಟ್ಟು ಸೋತು ಸುಣ್ಣವಾಗಿ ಬರುತ್ತಿತ್ತು. ನಾನು ಬಿಡುತ್ತೇನೆಯೇ? ತಂತಿಯ ಉದ್ದ, ದಪ್ಪ, ರೆಸಿಸ್ಟೆನ್ಸು ಎಂದು ನಡುಬೀದಿಯಲ್ಲಿ ಸೂತ್ರ ಹೇಳಿದೆ. ದಪ್ಪ ತಂತಿ ಬೇಕು ಎನ್ನುವುದು ನನ್ನ ತೀರ್ಪು. ಅಷ್ಟು ದಪ್ಪದ್ದು ಸಾಗರದ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಅಣ್ಣನಿಗೆ ಬುತ್ತಿ ತಂದಿದ್ದ ಅತ್ತಿಗೆ ಎಲ್ಲ ಕೇಳಿಸಿಕೊಂಡು, "ಚಪ್ಪರ ದೊಡ್ಡದಾದ್ರೆ ಹಿಂದೆ ಕೂತೋರಿಗೆ ಮೊದಲು ಹೇಳೋರ ದನಿ ಎಲ್ಲಿ ಕೇಳ್ತದೆ? ನಡುವಿನೋರು ಹೇಳಿದ್ದನ್ನ ಕೇಳ್ಕಂಡು ಹೇಳ್ತಾರೆ. ಇದಕ್ಕೂ ಹಂಗೇ ಮಾಡಕ್ಕೆ ಬರಲ್ಲನಾ?" ಎಂದಳು. ಬರುತ್ತಿತ್ತು. ಅಣ್ಣ ನಡುವಿನ ರೋಲರಿಗೂ ಸುದ್ದಿಯ ತಗಡು ಹೊಡೆದು, ಪಕ್ಕದಲ್ಲಿ ಲಾರಿಯ ಬ್ಯಾಟರಿ ಇಟ್ಟ. ನಡುವಿನದು ತಾನು ಕೇಳಿದ್ದನ್ನು ತನ್ನ ಸ್ವಂತ ಶಕ್ತಿಯಿಂದ ಮೂರನೆಯದಕ್ಕೆ ಹೇಳಿತು. ಮೂರನೆಯದು ಟಕ್ ಎಂದಿತು. ಆ ಹೊತ್ತಿಗೆ ನನ್ನ ಪಿಯುಸಿಯ ಜಂಬದಲ್ಲಿ ಅರ್ಧ ಇಳಿಯಿತು.

ಈಗ ಅಣ್ಣನ ಮಗಳು ದೀಪಾವಳಿಗೆ ಮನೆಯ ಮುಂದೆ ದೀಪ ಕಟ್ಟುತ್ತಾಳೆ. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಮಾಡಿನ ಕೆಳಗೊಂದು, ಗೇಟಿನ ಹತ್ತಿರವೊಂದು ಕಂಟ್ರೋಲರನ್ನು ನೆಟ್‌ವರ್ಕಿಗೆ ಜೋಡಿಸುತ್ತಾಳೆ. ಗೇಟಿನದು ಸಿಗ್ನಲ್ ಸಿಗದೆ ಮುಷ್ಕರ ಹೂಡಿದರೆ ನಡುವೆ ಇನ್ನೊಂದು ಪುಟ್ಟ ಪೆಟ್ಟಿಗೆ ಇಡುತ್ತಾಳೆ. ಈ ಕಡೆಯಿಂದ ಕೇಳಿದ್ದನ್ನು ಆ ಕಡೆಗೆ ಹೇಳುವ ಪೆಟ್ಟಿಗೆಯಂತೆ. ಅವಳು ಅದನ್ನು ನನಗೆ ವಿವರಿಸಲು ಬಂದಾಗ, ನಿಮ್ಮಮ್ಮನನ್ನು ಕೇಳು ಎಂದೆ.

ಆ ಸಲದ ಕಮಾನಿನ ಚಿತ್ರದ ಮಾತೂ ಹೇಳಬೇಕು. ನವಿಲು, ಕಾರಂಜಿ ಎಲ್ಲರೂ ಮಾಡುತ್ತಾರೆ ಎಂದು ಅಣ್ಣ ಆ ವರ್ಷ ಅತ್ತಿಗೆಯ ಚಿತ್ತಾರ ತೆಗೆದುಕೊಂಡ. ಅವಳ ತವರಿನ ಕಡೆ ಮದುವೆಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ನಾರಿನ ಕುಂಚದಿಂದ ಎಳೆ ಎಳೆಯಾಗಿ ಬರೆಯುವ ಹಸೆಚಿತ್ತಾರ. ಒಂದು ಎಳೆ ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಅವಳು ಕಾಗದದಲ್ಲಿ ಬರೆದುಕೊಟ್ಟಳು, ಅಣ್ಣ ಹಲಗೆಗೆ ಬಲ್ಬು ಕೂರಿಸಿದ. ತಂತಿ ಹಾಕುವುದು ಹಲಗೆಯ ಹಿಂದಿನಿಂದ. ಹಿಂದಿನಿಂದ ಎಡ ಬಲವಾಗುತ್ತದೆ ಎನ್ನುವುದು ಹತ್ತು ವರ್ಷ ಕೆಲಸ ಮಾಡಿದವನಿಗೆ ಮರೆತುಹೋಯಿತು. ಸ್ವಿಚ್ಚು ಹಾಕಿದರೆ ಮದುಮಗಳನ್ನು ಹೊತ್ತ ಪಲ್ಲಕ್ಕಿ, ಆ ದಂಡಿಗೆ, ಗಂಡನ ಮನೆ ಬೇಡವೆಂದು ತವರಿಗೆ ತಿರುಗಿ ಹೊರಟಿತ್ತು. ಅತ್ತಿಗೆ ಆ ದಿನ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕಾಗದಕ್ಕೆ ಕೊಬ್ಬರಿ ಎಣ್ಣೆ ಸವರಿ ಬಿಸಿಲಿಗೆ ಹಿಡಿದಳು. ಎಣ್ಣೆ ಕುಡಿದ ಕಾಗದದಲ್ಲಿ ಚಿತ್ತಾರ ಹಿಂದಿನಿಂದಲೂ ಕಾಣುತ್ತಿತ್ತು. ಅದನ್ನು ತಿರುಗಿಸಿ ಹಲಗೆಯ ಬೆನ್ನಿಗೆ ಅಂಟಿಸಿಕೊಟ್ಟಳು. ಅಣ್ಣನ ಮುಂದೆ ಅವಳು ಕೂತು ಎಳೆ ಎಣಿಸುವುದು, ಅವನು ತಗಡು ಕತ್ತರಿಸುವುದು, ಹೀಗೆ ಎರಡು ವಾರ. ರೋಲರ್ ಒಂದು ಸುತ್ತು ಬರಲು ಅವಳ ಒಂದು ಸೋಬಾನೆ ಹೇಳುವಷ್ಟು ಹೊತ್ತು ಬೇಕಿತ್ತು. ಅವಳು ಹಾಡಿಗೇ ಎಣಿಸಿದ್ದಳು.

ಚೌತಿಯ ದಿನ ಗಣಪತಿ ಕೂತು ಮಂಗಳಾರತಿ ಆಯಿತು. ಮುಸ್ಸಂಜೆ. ಮಳೆ ಬಿಟ್ಟಿತ್ತು, ಬೀದಿ ಒದ್ದೆಯಾಗಿತ್ತು. ಮೂರು ಕಮಾನಿಗೆ ಮೂರು ಜನ ಬೇಕು. ಮೊದಲನೆಯದರ ಮೋಟಾರಿನ ಹತ್ತಿರ ನಾನು, ಪೆಂಡಾಲಿನ ಮುಂದೆ ಅಣ್ಣ. ನಡುವಿಗೆ ಅತ್ತಿಗೆ. ಅಣ್ಣ ಅವಳಿಗೆ ಮೂರು ಸಲ ಹೇಳಿದ್ದ: "ಏನಾದ್ರೂ ಆದ್ರೆ ಕೂಗು. ಕೈ ಮಾತ್ರ ಹಾಕ್ಬೇಡ. ಕರೆಂಟು ಅದು." ಅವಳು ಮೂರು ಸಲವೂ ಹೂಂ ಅಂದಿದ್ದಳು.

ನಾನು ಮೋಟಾರು ಶುರುಮಾಡಿದೆ. ನನ್ನ ತಲೆಯ ಮೇಲೆ ಬಿಳಿ ಎಳೆಯೊಂದು ಹೊತ್ತಿಕೊಂಡು, ಮೂಲೆಗೆ ಹೋಗಿ, ತಿರುಗಿ, ಕೆಳಗಿಳಿಯಿತು. ಇನ್ನೊಂದು ಎಳೆ. ಹಸೆಯ ಚೌಕ ತುಂಬುತ್ತಿದ್ದ ಹಾಗೆ ದಂಡಿಗೆ ಎದ್ದು ಹೊರಟಿತು. ನನ್ನ ಕಮಾನು ದಾಟಿ ನಡುವಿನದಕ್ಕೆ, ಅಲ್ಲಿಂದ ಪೆಂಡಾಲಿನ ಬಾಗಿಲಿಗೆ. ಆಮೇಲೆ ಹೆಂಗಸರ ಕಡೆಯಿಂದ ಒಂದು ದೊಡ್ಡ ಉದ್ಗಾರ. ಕೆಳದಿಯ ಕಡೆಯಿಂದ ಲಾರಿ ಮಾಡಿಕೊಂಡು ಬಂದಿದ್ದವರ ಪೈಕಿ ಮುದುಕಿಯೊಬ್ಬಳು ನನ್ನ ಪಕ್ಕ ನಿಂತು, "ನಮ್ ಗೋಡೆ ಕಣೇ ಇದು, ನಮ್ ಗೋಡೆ!" ಎಂದು ಸಿಕ್ಕಿದವರ ತೋಳು ಜಗ್ಗುತ್ತಿದ್ದಳು. ಅಣ್ಣನ ಅಂಗಡಿ ಉಳಿಯಿತು ಎಂದುಕೊಂಡೆ.

ಅರ್ಧ ಗಂಟೆಯಾಗಿತ್ತೇನೋ. ನಡುವಿನ ಕಮಾನು ಸ್ವಲ್ಪ ತಡವರಿಸಿದ ಹಾಗೆ ಕಂಡಿತು. ಎರಡು ಎಳೆ ಹಿಂದೆ ಬಿದ್ದದ್ದು ಸರಸರ ಹೊತ್ತಿಕೊಂಡು ನನ್ನ ಕಮಾನನ್ನು ಹಿಡಿಯಿತು. ಮತ್ತೆ ಎಲ್ಲ ಸರಿ. ಆದರೆ ನಡಿಗೆ ಬೇರೆಯಾಗಿತ್ತು. ಮೊದಲು ಗಡಿಯಾರದ ಹಾಗಿದ್ದದ್ದು ಈಗ ಎಲ್ಲೋ ಒಂದು ಕೂದಲೆಳೆ ನಿಂತು, ಒಂದು ಕೂದಲೆಳೆ ಜಾರಿ, ಜೀವ ಬಂದ ಹಾಗೆ ಕಾಣುತ್ತಿತ್ತು. ಮೂರನೆಯ ಕಮಾನೂ ಹಾಗೆಯೇ. ಜನ ಇನ್ನೂ ಜೋರಾಗಿ ಕೂಗಿದರು. ನನಗೆ ಸಮಾಧಾನವಾಗಲಿಲ್ಲ. ಜಾಗ ಬಿಡಲು ಹೆದರಿ ಅರ್ಧ ಗಂಟೆ ನೋಡುತ್ತಲೇ ಇದ್ದೆ. ಕೊನೆಗೆ ಮೋಟಾರು ತನ್ನಷ್ಟಕ್ಕೆ ತಿರುಗಲಿ ಎಂದು ಬಿಟ್ಟು ಜನರ ನಡುವೆ ನುಗ್ಗಿಕೊಂಡು ನಡುವಿನ ಕಮಾನಿನ ಹಿಂದೆ ಹೋದೆ.

ಟಾರ್ಪಾಲು ಸರಿಸಿದರೆ ಸುಟ್ಟ ವಾಸನೆ. ಸುರುಳಿ ಕರಿಕಲಾಗಿತ್ತು. ಅತ್ತಿಗೆ ಅಣ್ಣನ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು, ಕರೆಂಟು ತಾಗದಿರಲೆಂದು ಒಂದು ಕೈ ಬೆನ್ನ ಹಿಂದೆ ಇಟ್ಟು, ಇನ್ನೊಂದು ಕೈಯಲ್ಲಿ ಒಣಗಿದ ಬಿದಿರಿನ ತುಂಡು ಹಿಡಿದು ಫ್ರೀವೀಲಿನ ಹಲ್ಲನ್ನು ಒಂದೊಂದಾಗಿ ನೂಕುತ್ತಿದ್ದಳು. ಕಣ್ಣು ಟಾರ್ಪಾಲಿನ ಸಂದಿಯಿಂದ ನನ್ನ ಕಮಾನಿನ ಮೇಲೆ. ಅಲ್ಲೊಂದು ಎಳೆ ಹೊತ್ತಿತೋ, ಇಲ್ಲೊಂದು ಹಲ್ಲು. ಬಾಯಲ್ಲಿ ಸೋಬಾನೆ. ಅವಳ ಕೈಯ ಕೆಳಗೆ ರೋಲರಿನ ಸುದ್ದಿಯ ತಗಡು ಬ್ಯಾಟರಿಯ ತಟ್ಟನ್ನು ಮೂರನೆಯ ಕಮಾನಿಗೆ ಕಳಿಸುತ್ತಲೇ ಇತ್ತು. ಅವಳು ನಿಂತರೆ ಎರಡು ಕಮಾನು ನಿಲ್ಲುತ್ತವೆ. ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದು ಒಡೆದಿತ್ತು.

"ಅತ್ತಿಗೆ, ನಾನು ಹಿಡ್ಕಳ್ಳಾ?" ಎಂದೆ. ಹಾಡು ಬಿಡದೆ ತಲೆ ಅಲ್ಲಾಡಿಸಿದಳು. ನನಗೆ ಹಾಡು ಬರುತ್ತಿರಲಿಲ್ಲ. ಎಷ್ಟನೇ ಎಳೆಗೆ ನಿಲ್ಲಬೇಕು, ಎಲ್ಲಿ ಎರಡು ಒಟ್ಟಿಗೆ ಬರುತ್ತವೆ, ಒಂದೂ ಗೊತ್ತಿರಲಿಲ್ಲ. ಜೀವಮಾನದಲ್ಲಿ ಅಷ್ಟು ನಿರುಪಯೋಗಿಯಾಗಿ ನಾನು ಎಲ್ಲೂ ನಿಂತದ್ದಿಲ್ಲ. ಯಾರನ್ನೂ ಅಷ್ಟು ಮೆಚ್ಚಿಕೊಂಡೂ ಇಲ್ಲ.

ಅಣ್ಣನ ಹತ್ತಿರ ಓಡಿದೆ. ಅಷ್ಟರಲ್ಲಿ ಮೈಕಿನಲ್ಲಿ ಡ್ರಿಲ್ ಮೇಷ್ಟ್ರ ದನಿ: ಇಂಥ ಯಂತ್ರ ಮಾಡಿದ ನಮ್ಮೂರ ಕಲಾವಿದರು ವೇದಿಕೆಗೆ ಬರಬೇಕು, ಸಮಿತಿಯಿಂದ ಸನ್ಮಾನವಿದೆ. ಅಣ್ಣನ ಮುಖ ಒಂದು ವರ್ಷದ ಮೇಲೆ ಅರಳಿತ್ತು. ಅದನ್ನು ನೋಡಿ ಹೇಳಲು ಮನಸ್ಸಾಗಲಿಲ್ಲ, ಆದರೂ ಕಿವಿಯಲ್ಲಿ ಹೇಳಿದೆ. ನನ್ನ ಬುದ್ಧಿಯನ್ನೂ ಸೇರಿಸಿದೆ: "ಈಗ ಹೋಗಿ ಶಾಲು ಹಾಕಿಸ್ಕೋ. ಯಾರಿಗೂ ಗೊತ್ತಾಗಿಲ್ಲ. ಅತ್ತಿಗೆ ನಡೆಸ್ತಾಳೆ. ಬಾಯಿ ಬಿಟ್ರೆ ಅಂಗಡಿ ಹೋಯ್ತು ನೋಡು."

ಅಣ್ಣ ನನ್ನನ್ನು ನೋಡಿದ. ವೇದಿಕೆಗೆ ಬೆನ್ನು ಹಾಕಿ ನಡುವಿನ ಕಮಾನಿನ ಕಡೆ ಹೊರಟ. ಮೈಕಿನಲ್ಲಿ ಎರಡನೇ ಸಲ ಕೂಗಿದರು, ಮೂರನೇ ಸಲ ಕೂಗಿದರು. ಆಮೇಲೆ ಡ್ರಿಲ್ ಮೇಷ್ಟ್ರೇ ಶಾಲು ಕೈಯಲ್ಲಿ ಹಿಡಿದು, ಕುತ್ತಿಗೆಯ ಸೀಟಿ ಅಲ್ಲಾಡಿಸುತ್ತ, ಸಿಡುಕು ಮುಖದಲ್ಲಿ ಹಿಂದೆಯೇ ಬಂದರು.

ಟಾರ್ಪಾಲಿನ ಒಳಗೆ ಅಣ್ಣ ಹೆಂಡತಿಯ ಪಕ್ಕದಲ್ಲಿ ನಿಂತಿದ್ದ. ಒಂದು ಕೈಯಿಂದ ತಂತಿಯನ್ನು ಅವಳ ಸೆರಗಿಗೆ ತಾಗದ ಹಾಗೆ ಎತ್ತಿ ಹಿಡಿದಿದ್ದ. ಮೇಷ್ಟ್ರು, "ಏನಯ್ಯಾ ಇದು, ಮೈಕಲ್ಲಿ ಕರೆದ್ರೆ ಬರೋದಲ್ವಾ?" ಎಂದವರು ಅಲ್ಲೇ ನಿಂತರು.

"ಯಂತ್ರ ಕೆಟ್ಟೋಯ್ತು ಸಾರ್," ಎಂದ ಅಣ್ಣ. "ಈ ಸಲವೂ ಕೆಟ್ಟೋಯ್ತು. ಅರ್ಧ ತಾಸಿಂದ ಇವಳು ಕೈಯಲ್ಲಿ ನಡೆಸ್ತಿದಾಳೆ. ಇದನ್ನ ಹಿಂಗೆ ಜೋಡಿಸ್ಬೇಕು ಅಂತ ಹೇಳಿದ್ದೂ ಇವಳೇ. ಚಿತ್ತಾರನೂ ಇವಳದ್ದೇ. ನನ್ನದು ತಂತಿ ಸುತ್ತಿದ ಕೆಲಸ, ಅದೇ ಸುಟ್ಟಿದ್ದು."

ನಾನು ಕಣ್ಣು ಮುಚ್ಚಿಕೊಂಡೆ. ಹೋಯಿತು ಅಂಗಡಿ, ಶಿವಮೊಗ್ಗದವರು ಬಂದರು, ಅಣ್ಣ ಜವಾನನಾದ ಎಂದು ನಿಮಿಷದಲ್ಲಿ ಎಲ್ಲ ನೋಡಿಬಿಟ್ಟೆ. ಕಣ್ಣು ತೆರೆದಾಗ ಮೇಷ್ಟ್ರು ಸುಟ್ಟ ಸುರುಳಿಯನ್ನು ನೋಡುತ್ತಿರಲಿಲ್ಲ. ಅತ್ತಿಗೆಯ ಕೈಯನ್ನು ನೋಡುತ್ತಿದ್ದರು.

"ಹಂಗಾದ್ರೆ ಬರೋ ವರ್ಷದ ಕೆಲಸದ ಮಾತು ನಾನು ಯಾರ ಹತ್ರ ಆಡ್ಬೇಕು?" ಎಂದರು.

"ಅವಳ ಹತ್ರಾನೇ ಆಡಿ," ಎಂದ ಅಣ್ಣ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ಅಮ್ಮಾ..." ಎಂದರು. ಅತ್ತಿಗೆ ತಿರುಗಲಿಲ್ಲ. ಎರಡು ಸೊಲ್ಲಿನ ನಡುವೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ, "ಮಾತಾಡಿಸ್ಬೇಡಿ ಸಾರ್, ಎಳೆ ತಪ್ತದೆ. ಈ ಸುತ್ತು ಮುಗೀಲಿ," ಎಂದು ಮತ್ತೆ ಹಾಡು ಹಿಡಿದಳು.

ಹೊರಗೆ ಜನ ಕೂಗುತ್ತಿದ್ದರು, ಪೆಂಡಾಲಿನಲ್ಲಿ ಮೈಕು ಸುಮ್ಮನೆ ಗುಂಯ್‌ಗುಡುತ್ತಿತ್ತು. ಡ್ರಿಲ್ ಮೇಷ್ಟ್ರು ಶಾಲನ್ನು ಹೆಗಲ ಮೇಲೆ ಹಾಕಿಕೊಂಡು, ಕೈ ಹಿಂದೆ ಕಟ್ಟಿಕೊಂಡು, ಸುತ್ತು ಮುಗಿಯುವವರೆಗೂ ನಿಂತರು.